ಧರ್ಮಸ್ಥಳದ ಹಾದಿಯಲ್ಲಿ ಪಾದಗಳ ಆರೈಕೆ

ಮಹಾಶಿವರಾತ್ರಿಗೆ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ನಡೆದು ಹೋಗುವವರು ನೆಲಮಂಗಲ, ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣಗಳನ್ನು ದಾಟಿ ಹಾಸನ ಸೇರಿ, ಅಲ್ಲಿಂದ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೂಲಕ ಚಾರ್ಮಾಡಿ ಘಾಟಿಯನ್ನು ಇಳಿದು ಉಜಿರೆಯ ಹಾದಿಯಾಗಿ ನೇತ್ರಾವತಿಯ ದಡಕ್ಕೆ ಬರುತ್ತಾರೆ. ಸುಮಾರು 300 ಕಿಲೋಮೀಟರುಗಳ ಈ ದಾರಿಯನ್ನು ಬಹುತೇಕ ತಂಡಗಳು 7ರಿಂದ 9 ದಿನಗಳಲ್ಲಿ ಮುಗಿಸುತ್ತವೆ. ಎಂದರೆ ದಿನಕ್ಕೆ ಸರಾಸರಿ 33ರಿಂದ 43 ಕಿಲೋಮೀಟರು. ಒಂದು ಹೆಜ್ಜೆಗೆ 70 ಸೆಂಟಿಮೀಟರು ಎಂದು ಲೆಕ್ಕ ಹಿಡಿದರೂ 40 ಕಿಲೋಮೀಟರಿಗೆ 57 ಸಾವಿರ ಹೆಜ್ಜೆಗಳಾಗುತ್ತವೆ, ಪ್ರತಿಯೊಂದು ಪಾದವೂ ದಿನವೊಂದಕ್ಕೆ 28 ಸಾವಿರಕ್ಕೂ ಹೆಚ್ಚು ಸಲ ಡಾಂಬರನ್ನು ಮುಟ್ಟಿ ಏಳುತ್ತದೆ. ಚಪ್ಪಲಿಯೊಳಗೆ ಸಿಕ್ಕಿಕೊಂಡ ಒಂದು ಮರಳಿನ ಕಣ ಅಷ್ಟೂ ಸಲ ಅದೇ ಜಾಗವನ್ನು ಉಜ್ಜಿದರೆ ಏನಾದೀತೆಂಬುದನ್ನು ಊಹಿಸಿಕೊಂಡರೆ, ಪಾದದ ಆರೈಕೆ ಯಾತ್ರೆಯ ಹೊರಗಿನ ವಿಷಯವಲ್ಲ ಎಂಬುದು ಮನವರಿಕೆಯಾಗುತ್ತದೆ.

ಈ ಹಾದಿಯಲ್ಲಿ ಹಲವು ವರ್ಷ ನಡೆದಿದ್ದೇನೆ. ಕೆಲವು ವರ್ಷ ನಮ್ಮ ತಂಡದವರ ಕಾಲುಗಳಿಗೆ ಪಟ್ಟಿ ಕಟ್ಟುವ ಕೆಲಸವನ್ನೂ ಮಾಡಿದ್ದೇನೆ. ದಣಿವಿನಿಂದ ಯಾತ್ರೆ ನಿಲ್ಲಿಸಿದವರನ್ನು ನಾನು ಕಂಡದ್ದು ಕಡಿಮೆ. ಎರಡನೆಯ ದಿನ ಕಾಲು ಉರಿಯಲು ಆರಂಭವಾದಾಗ ನಿಲ್ಲದೆ, ಸಂಜೆಯ ತಂಗುದಾಣದಲ್ಲಿ ನೋಡಿಕೊಂಡರಾಯಿತು ಎಂದು ಮುಂದೆ ಸಾಗಿ, ನಾಲ್ಕನೆಯ ದಿನ ಹೆಜ್ಜೆ ಊರಲಾಗದೆ ವಾಹನ ಹತ್ತಿದವರೇ ಹೆಚ್ಚು. ಆದ್ದರಿಂದ ಇಲ್ಲಿ ಹೇಳುವ ಎಲ್ಲ ಕ್ರಮಗಳಿಗಿಂತ ಮುಖ್ಯವಾದ ಒಂದನ್ನು ಮೊದಲೇ ಹೇಳಿಬಿಡುತ್ತೇನೆ. ಉರಿ ಕಾಣಿಸಿಕೊಂಡ ಕೂಡಲೇ, ಆ ಹೆಜ್ಜೆಯಲ್ಲಿಯೇ, ರಸ್ತೆಯ ಬದಿಗೆ ಸರಿದು ಕುಳಿತು ಪಾದವನ್ನು ನೋಡಬೇಕು.

ಬೊಬ್ಬೆ ಏಳುವ ಬಗೆ

ಬೊಬ್ಬೆಯೆಂದರೆ ಚರ್ಮದ ಮೇಲ್ಮೈ ಸವೆದು ಆಗುವ ಗಾಯ ಎಂದು ಹಲವರು ಭಾವಿಸಿದ್ದಾರೆ. ವಾಸ್ತವದಲ್ಲಿ ಪಾದದ ಮೂಳೆ ಮುಂದಕ್ಕೆ ಚಲಿಸುವಾಗ ಹೊರಚರ್ಮವು ಕಾಲುಚೀಲಕ್ಕೋ ಅಟ್ಟೆಗೋ ಅಂಟಿಕೊಂಡು ಹಿಂದೆ ಉಳಿಯುತ್ತದೆ. ಈ ಎಳೆದಾಟ ಸಾವಿರಾರು ಸಲ ನಡೆದಾಗ ಹೊರಚರ್ಮದ ಪದರಗಳು ಒಳಗೊಳಗೇ ಸೀಳಿ, ಆ ಸೀಳಿನಲ್ಲಿ ನೀರು ತುಂಬಿಕೊಳ್ಳುತ್ತದೆ. ಪೂರ್ತಿ ಒಣಗಿದ ಚರ್ಮ ಜಾರುತ್ತದೆ, ಪೂರ್ತಿ ನೀರಿನಲ್ಲಿರುವ ಚರ್ಮವೂ ಜಾರುತ್ತದೆ. ಬೆವರಿನಿಂದ ಅರೆಬರೆ ತೇವಗೊಂಡ ಚರ್ಮ ಮಾತ್ರ ಹಿಡಿದುಕೊಳ್ಳುತ್ತದೆ. ಪಾದಯಾತ್ರಿಯ ಕಾಲು ಹಗಲಿಡೀ ಇರುವುದು ಈ ಮೂರನೆಯ ಸ್ಥಿತಿಯಲ್ಲಿ. ಹೀಗಾಗಿ ಪಾದವನ್ನು ಒಣಗಿಸುವುದು, ಎಳೆತವನ್ನು ತಗ್ಗಿಸುವುದು, ಒಂದೇ ಜಾಗಕ್ಕೆ ಒತ್ತಡ ಬೀಳದಂತೆ ನೋಡಿಕೊಳ್ಳುವುದು, ಈ ಮೂರರಿಂದಲೇ ಉಳಿದ ಕ್ರಮಗಳೆಲ್ಲ ಹುಟ್ಟುತ್ತವೆ.

ಹೊರಡುವ ಮುನ್ನ

ಸಿದ್ಧತೆಯನ್ನು ಆರರಿಂದ ಎಂಟು ವಾರ ಮೊದಲು, ಅಂದರೆ ಸಂಕ್ರಾಂತಿಗೂ ಮುಂಚೆಯೇ ಆರಂಭಿಸುವುದು ಒಳ್ಳೆಯದು. ನಿತ್ಯ ಐದಾರು ಕಿಲೋಮೀಟರು ನಡೆಯುವ ರೂಢಿ ಇದ್ದರೆ ಉಸಿರು ಪಳಗುತ್ತದೆ, ಪಾದ ಪಳಗುವುದಿಲ್ಲ. ಯಾತ್ರೆಗೆ ಮೂರು ವಾರ ಇರುವಂತೆ ಒಮ್ಮೆಯಾದರೂ ಶನಿವಾರ ಮತ್ತು ಭಾನುವಾರ ಎರಡೂ ದಿನ, ಯಾತ್ರೆಯಲ್ಲಿ ತೊಡುವ ಪಾದರಕ್ಷೆಯನ್ನೇ ತೊಟ್ಟು, ಹೊರುವ ಚೀಲವನ್ನೇ ಹೊತ್ತು 20ರಿಂದ 25 ಕಿಲೋಮೀಟರು ನಡೆಯಬೇಕು. ಮೊದಲ ದಿನದ ನಡಿಗೆ ಎಲ್ಲರಿಗೂ ಸಲೀಸು. ಹಿಂದಿನ ದಿನ ದಣಿದು ಊದಿದ ಪಾದದ ಮೇಲೆ ಮತ್ತೆ ನಡೆದಾಗಲೇ ಎಲ್ಲಿ ಉಜ್ಜುತ್ತದೆ, ಯಾವ ಬೆರಳು ಯಾವುದಕ್ಕೆ ಒರಸುತ್ತದೆ ಎಂಬುದು ತಿಳಿಯುತ್ತದೆ. ಆ ಜಾಗಗಳನ್ನು ನೆನಪಿಟ್ಟುಕೊಳ್ಳಿ. ಯಾತ್ರೆಯಲ್ಲಿಯೂ ಬೊಬ್ಬೆ ಏಳುವುದು ಬಹುತೇಕ ಅಲ್ಲಿಯೇ.

ಹೊಸ ಬೂಟನ್ನು ಹೊರಡುವ ಹಿಂದಿನ ದಿನ ಕೊಳ್ಳುವುದು ಈ ಯಾತ್ರೆಯಲ್ಲಿ ನಡೆಯುವ ಅತಿ ಸಾಮಾನ್ಯವಾದ, ಅತಿ ದುಬಾರಿಯಾದ ತಪ್ಪು. ದಿನವಿಡೀ ನಡೆದಾಗ ಪಾದ ಊದುತ್ತದೆ, ದಿನಗಳು ಕಳೆದಂತೆ ಅಗಲವೂ ಆಗುತ್ತದೆ. ಆದ್ದರಿಂದ ಸಂಜೆಯ ಹೊತ್ತು ಅಂಗಡಿಗೆ ಹೋಗಿ, ಯಾತ್ರೆಯಲ್ಲಿ ಧರಿಸುವ ಕಾಲುಚೀಲವನ್ನೇ ಹಾಕಿಕೊಂಡು, ನಿಂತಾಗ ಅತಿ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯುವಂತೆ, ಸಾಮಾನ್ಯ ಅಳತೆಗಿಂತ ಅರ್ಧ ಅಥವಾ ಒಂದು ಸಂಖ್ಯೆ ದೊಡ್ಡದನ್ನು ಆರಿಸಬೇಕು. ಹಿಮ್ಮಡಿ ಮಾತ್ರ ಸಡಿಲವಾಗಿರಬಾರದು. ಕೊಂಡ ಮೇಲೆ ಅದರಲ್ಲಿ ನೂರು ಕಿಲೋಮೀಟರಾದರೂ ನಡೆದಿರಬೇಕು. ಬೂಟಿನ ಜೊತೆಗೆ ಹಿಂಬದಿಯಲ್ಲಿ ಪಟ್ಟಿಯಿರುವ ಸ್ಯಾಂಡಲ್ ಒಂದನ್ನು ಇಟ್ಟುಕೊಂಡು ಮಧ್ಯಾಹ್ನದ ನಂತರ ಬದಲಿಸಿದರೆ, ಬೆಳಿಗ್ಗೆ ಒತ್ತಡ ಬಿದ್ದ ಜಾಗಕ್ಕೆ ಸಂಜೆ ಬಿಡುವು ಸಿಗುತ್ತದೆ. ಹವಾಯಿ ಚಪ್ಪಲಿಯಲ್ಲಿ ಇಡೀ ದಾರಿಯನ್ನು ನಡೆಯುವವರು ಸಾವಿರಾರು ಮಂದಿ ಇದ್ದಾರೆ, ಅದು ಗಾಳಿಯಾಡುತ್ತದೆ ಎಂಬುದೂ ನಿಜ. ಆದರೆ ಅದು ಜಾರದಂತೆ ಪ್ರತಿ ಹೆಜ್ಜೆಯಲ್ಲೂ ಬೆರಳುಗಳನ್ನು ಮಡಚಿ ಹಿಡಿಯಬೇಕಾಗುವುದರಿಂದ ಹೆಬ್ಬೆರಳಿನ ಸಂದಿಯಲ್ಲಿ ಗಾಯವಾಗುತ್ತದೆ, ಮೊಣಕಾಲಿನ ಕೆಳಗಿನ ಮುಂಭಾಗದಲ್ಲಿ ಸೆಳೆತ ಹಿಡಿಯುತ್ತದೆ. ತಂಗುದಾಣದಲ್ಲಿ ಓಡಾಡಲು ಅದು ಸಾಕು, ಹೆದ್ದಾರಿಗೆ ಸಾಲದು.

ಹತ್ತಿಯ ಕಾಲುಚೀಲ ತಂಪು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಹತ್ತಿ ಬೆವರನ್ನು ಹೀರಿ ತನ್ನಲ್ಲಿಯೇ ಇಟ್ಟುಕೊಳ್ಳುತ್ತದೆ, ಚರ್ಮವನ್ನು ತೇವವಾಗಿಯೇ ಉಳಿಸುತ್ತದೆ. ಪಾಲಿಯೆಸ್ಟರ್, ನೈಲಾನ್ ಅಥವಾ ಉಣ್ಣೆ ಬೆರೆತ ಕಾಲುಚೀಲಗಳು ಬೇಗ ಒಣಗುತ್ತವೆ. ಬೆರಳುಗಳ ನಡುವೆ ಬೊಬ್ಬೆ ಏಳುವವರಿಗೆ ಕೈಗವಸಿನಂತೆ ಬೆರಳು ಬಿಡಿಸಿದ ಕಾಲುಚೀಲಗಳು ನಿಜವಾಗಿಯೂ ನೆರವಾಗುತ್ತವೆ. ನಾಲ್ಕು ಜೊತೆ ಇದ್ದರೆ ಸಾಕು: ಒಂದು ಕಾಲಿನಲ್ಲಿ, ಒಂದು ಬದಲಿಗೆ, ಒಂದು ಚೀಲದ ಹೊರಗೆ ಪಿನ್ನಿನಲ್ಲಿ ತೂಗಿ ಒಣಗುತ್ತಾ, ಒಂದು ರಾತ್ರಿಗೆ.

ಉಗುರುಗಳನ್ನು ಹೊರಡುವ ನಾಲ್ಕೈದು ದಿನ ಮೊದಲೇ, ಮೂಲೆಗಳನ್ನು ಒಳಕ್ಕೆ ಕೊರೆಯದೆ, ನೇರವಾಗಿ ಕತ್ತರಿಸಿ ಅಂಚನ್ನು ಅರದಿಂದ ನಯಗೊಳಿಸಬೇಕು. ಹಿಮ್ಮಡಿಯ ಒಡಕಿದ್ದವರು ಅದನ್ನು ವಾರಗಟ್ಟಲೆ ಮೊದಲೇ ರಾತ್ರಿ ಹೊತ್ತು ಎಣ್ಣೆಯೋ ಯೂರಿಯಾ ಇರುವ ಮುಲಾಮೋ ಹಚ್ಚಿ ವಾಸಿ ಮಾಡಿಕೊಂಡಿರಬೇಕು. ಹೊರಡುವ ಹೊತ್ತಿಗೆ ಒಡೆದ ಹಿಮ್ಮಡಿ ಮೂರನೆಯ ದಿನ ರಕ್ತ ಸುರಿಸುತ್ತದೆ. ಗಟ್ಟಿಯಾದ ಅಂಗಾಲು ಒಳ್ಳೆಯದೇ, ಆದರೆ ಆಣಿಯಂತೆ ದಪ್ಪಗಟ್ಟಿದ ಚರ್ಮದ ಅಡಿಯಲ್ಲಿ ಏಳುವ ಬೊಬ್ಬೆಯಷ್ಟು ನೋವು ಕೊಡುವಂಥದ್ದು ಇನ್ನೊಂದಿಲ್ಲ, ಅದನ್ನು ಚುಚ್ಚಿ ನೀರು ತೆಗೆಯುವುದೂ ಸುಲಭವಲ್ಲ. ಸ್ನಾನದ ನಂತರ ಉಜ್ಜುಗಲ್ಲಿನಿಂದ ಅದನ್ನು ತೆಳುಗೊಳಿಸಿ, ಬ್ಲೇಡಿನಿಂದ ಹೆರೆಯಬೇಡಿ. ಅಂಗಾಲಿಗೆ ಗೋರಂಟಿ ಹಚ್ಚಿಕೊಳ್ಳುವ ಹಿರಿಯರ ಪದ್ಧತಿಯ ಬಗ್ಗೆ ಕೇಳುವವರಿಗೆ, ಎಲೆಯನ್ನು ಅರೆದು ಹಚ್ಚಿಕೊಳ್ಳಲು ಅಡ್ಡಿಯಿಲ್ಲ ಎಂದೇ ಹೇಳುತ್ತೇನೆ. ಅಂಗಡಿಯಲ್ಲಿ ಸಿಗುವ ಕಪ್ಪು ಮೆಹಂದಿಯಲ್ಲಿ ಚರ್ಮವನ್ನು ಸುಡುವ ರಾಸಾಯನಿಕ ಬಣ್ಣ ಬೆರೆತಿರಬಹುದಾದ್ದರಿಂದ ಅದು ಬೇಡ.

ಧನುರ್ವಾಯುವಿನ ಚುಚ್ಚುಮದ್ದು ಪಡೆದು 10 ವರ್ಷ ಕಳೆದಿದ್ದರೆ ಹೊರಡುವ ಮೊದಲೇ ಹಾಕಿಸಿಕೊಳ್ಳಿ.

ದಾರಿಯಲ್ಲಿ

ಮುಂಜಾನೆ ಮೂರೂವರೆ ನಾಲ್ಕಕ್ಕೆ ಹೊರಟು ಹನ್ನೊಂದರೊಳಗೆ ನೆರಳು ಸೇರಿ, ಮತ್ತೆ ನಾಲ್ಕರ ನಂತರ ಹೊರಡುವ ತಂಡಗಳ ಪದ್ಧತಿ ಪಾದದ ದೃಷ್ಟಿಯಿಂದಲೂ ಸರಿಯಾದದ್ದು. ಫೆಬ್ರವರಿಯ ಕೊನೆಯ ಮಧ್ಯಾಹ್ನ ಕುಣಿಗಲ್ಲಿನ ಆಚೆಯ ಡಾಂಬರು ಅಟ್ಟೆಯ ಮೂಲಕವೂ ಅಂಗಾಲನ್ನು ಬೇಯಿಸುತ್ತದೆ, ಬಿಸಿಯಾದ ಚರ್ಮ ಬೇಗ ಬೊಬ್ಬೆಗೊಳ್ಳುತ್ತದೆ.

ಬೆಳಿಗ್ಗೆ ಕಾಲುಚೀಲ ಹಾಕುವ ಮೊದಲು, ತಾಲೀಮಿನ ದಿನಗಳಲ್ಲಿ ಗುರುತಿಸಿಕೊಂಡ ಜಾಗಗಳಿಗೆ ಕಾಗದದ ಸರ್ಜಿಕಲ್ ಟೇಪನ್ನು ಅಂಟಿಸಿಕೊಳ್ಳಬೇಕು. ಔಷಧದ ಅಂಗಡಿಗಳಲ್ಲಿ ಮೈಕ್ರೋಪೋರ್ ಎಂದು ಕೇಳಿದರೆ ಸಿಗುವ, ಬೆಲೆಯೂ ಹೆಚ್ಚಿಲ್ಲದ ಟೇಪು ಇದು. ಆರು ಹಂತಗಳಲ್ಲಿ ಸುಮಾರು 250 ಕಿಲೋಮೀಟರು ಓಡುವ ಮರುಭೂಮಿ ಓಟಗಾರರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಈ ಸಾಧಾರಣ ಟೇಪು ಬೊಬ್ಬೆಗಳನ್ನು ಶೇಕಡಾ 40ರಷ್ಟು ತಗ್ಗಿಸಿತ್ತು. ದೂರವೂ ಸರಿಸುಮಾರು ನಮ್ಮದೇ ಆದ್ದರಿಂದ ಆ ಫಲಿತಾಂಶ ನನಗೆ ಮಹತ್ವದ್ದೆನಿಸುತ್ತದೆ. ಚರ್ಮ ಪೂರ್ತಿ ಒಣಗಿರಬೇಕು, ಎಣ್ಣೆ ಅಥವಾ ವ್ಯಾಸಲೀನಿನ ಅಂಶ ಇರಬಾರದು, ಟೇಪಿನ ಮೂಲೆಗಳನ್ನು ಕತ್ತರಿಯಿಂದ ದುಂಡಾಗಿಸಬೇಕು, ಒಂದೂ ಸುಕ್ಕು ಉಳಿಯದಂತೆ ಬೆರಳಿನಿಂದ ತೀಡಬೇಕು. ಟೇಪಿನ ಸುಕ್ಕು ತಾನೇ ಇನ್ನೊಂದು ಬೊಬ್ಬೆಗೆ ಕಾರಣವಾಗುತ್ತದೆ. ರಾತ್ರಿ ತೆಗೆಯುವಾಗ ನೀರಿನಲ್ಲಿ ನೆನೆಸಿ ನಿಧಾನವಾಗಿ ಬಿಡಿಸಿ. ಸರಕ್ಕನೆ ಎಳೆದರೆ ಕೆಳಗಿನ ಚರ್ಮವೂ ಬಂದೀತು.

ವ್ಯಾಸಲೀನ್ ಹಚ್ಚುವವರು ಒಂದು ವಿಷಯವನ್ನು ತಿಳಿದಿರಬೇಕು. ಹಚ್ಚಿದ ಮೊದಲ ಒಂದೆರಡು ಗಂಟೆ ಅದು ಉಜ್ಜುವಿಕೆಯನ್ನು ಕಡಿಮೆ ಮಾಡುತ್ತದೆ, ಆಮೇಲೆ ಬೆವರಿನೊಡನೆ ಬೆರೆತು ಹೆಚ್ಚಿಸಲೂಬಹುದು. ಆದ್ದರಿಂದ ಅದನ್ನು ನೆಚ್ಚುವವರು ಪ್ರತಿ ವಿಶ್ರಾಂತಿಯಲ್ಲೂ ಒರೆಸಿ ಮತ್ತೆ ಹಚ್ಚಬೇಕು. ಟೇಪು ಅಥವಾ ವ್ಯಾಸಲೀನ್, ಒಂದು ಜಾಗಕ್ಕೆ ಒಂದೇ.

ಪ್ರತಿ ಒಂದೂವರೆ ಗಂಟೆಗೊಮ್ಮೆ ಕುಳಿತಾಗ ಬೂಟು ಮತ್ತು ಕಾಲುಚೀಲ ಎರಡನ್ನೂ ತೆಗೆಯಿರಿ. ಚಹಾ ಕುಡಿಯುವ ಹತ್ತು ನಿಮಿಷ ಪಾದಕ್ಕೆ ಗಾಳಿಯಾಡಿದರೆ, ಬೂಟಿನೊಳಗಿನ ಮರಳನ್ನು ಕೊಡವಿದರೆ, ಕಾಲುಚೀಲವನ್ನು ಎಡದಿಂದ ಬಲಕ್ಕೆ ಬದಲಿಸಿ ಹಾಕಿಕೊಂಡರೆ ಆಗುವ ಲಾಭವನ್ನು ನಾನು ಎಷ್ಟೋ ಪಾದಗಳಲ್ಲಿ ಕಂಡಿದ್ದೇನೆ. ರಸ್ತೆಯ ಬಗೆಗೂ ಗಮನವಿರಲಿ. ಮಳೆನೀರು ಹರಿದುಹೋಗಲೆಂದು ರಸ್ತೆಯನ್ನು ನಡುವಿನಿಂದ ಅಂಚಿಗೆ ಇಳಿಜಾರಾಗಿ ಕಟ್ಟಿರುತ್ತಾರೆ. ಎದುರಿನ ವಾಹನಗಳು ಕಾಣುವಂತೆ ಬಲಬದಿಯಲ್ಲಿ ದಿನಗಟ್ಟಲೆ ನಡೆದಾಗ ಎರಡೂ ಪಾದಗಳು ಬೂಟಿನೊಳಗೆ ಬಲಕ್ಕೇ ಜಾರುತ್ತವೆ, ಬಲಗಾಲಿನ ಕಿರುಬೆರಳಿಗೂ ಎಡಗಾಲಿನ ಹೆಬ್ಬೆರಳಿನ ಬದಿಗೂ ಹೆಚ್ಚು ಪೆಟ್ಟಾಗುತ್ತದೆ. ವಾಹನ ದಟ್ಟಣೆಯ ಕಾರಣ ಬದಿ ಬದಲಿಸುವುದು ಸುರಕ್ಷಿತವಲ್ಲ. ಡಾಂಬರಿನ ಆಚೆಗೆ ಸಮನಾದ ಮಣ್ಣಿನ ಅಂಚು ಸಿಕ್ಕಿದಲ್ಲೆಲ್ಲ ಅದರ ಮೇಲೆ ನಡೆಯಿರಿ, ಆ ಎರಡು ಜಾಗಗಳಿಗೆ ಟೇಪನ್ನು ಮೊದಲೇ ಹಾಕಿರಿ.

ಬರಿಗಾಲಿನ ಹರಕೆ

ಮಾತು ಬಿಡ ಮಂಜುನಾಥ ಎಂಬ ನಂಬಿಕೆಯಲ್ಲಿ ಬರಿಗಾಲಿನ ಹರಕೆ ಹೊತ್ತವರಿಗೆ ಬೂಟಿನ ಮಾತು ಹೊಂದುವುದಿಲ್ಲ. ಯುಗಾದಿಗೆ ಶ್ರೀಶೈಲಕ್ಕೆ ನಡೆಯುವ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯ ಭಕ್ತರಲ್ಲಂತೂ, ಇನ್ನೂ ಬಿರುಸಾದ ಬಿಸಿಲಿನಲ್ಲಿ ನಲ್ಲಮಲದ ಕಲ್ಲುದಾರಿಯನ್ನು ಬರಿಗಾಲಿನಲ್ಲಿ ತುಳಿಯುವವರು ಬಹಳ. ಹರಕೆಯನ್ನು ಗೌರವಿಸಿಯೇ ಕೆಲವು ಮಾತು ಹೇಳಬಹುದು. ಎರಡು ತಿಂಗಳು ಮೊದಲಿಂದ ನಿತ್ಯ ಬರಿಗಾಲಿನಲ್ಲಿ, ಮೊದಲು ಮಣ್ಣಿನಲ್ಲಿ, ಆಮೇಲೆ ರಸ್ತೆಯಲ್ಲಿ ನಡೆದು ಅಂಗಾಲನ್ನು ಹದಗೊಳಿಸಬೇಕು. ಬಿಸಿಲೇರಿದ ಮೇಲೆ ನಡೆಯಲೇಬಾರದು. ಅನಿವಾರ್ಯವಾದರೆ ರಸ್ತೆಯಂಚಿನ ಬಿಳಿಯ ಗೆರೆಯ ಮೇಲೆ ಹೆಜ್ಜೆಯಿಡಿ, ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಎಸೆಯುವುದರಿಂದ ಪಕ್ಕದ ಕಪ್ಪು ಡಾಂಬರಿಗಿಂತ ಅದು ತಂಪಾಗಿರುತ್ತದೆ. ಕತ್ತಲಲ್ಲಿ ಟಾರ್ಚಿಲ್ಲದೆ ಬರಿಗಾಲಿಡಬೇಡಿ. ಮುಳ್ಳು, ಗಾಜು ಚುಚ್ಚಿದಾಗ ಚೂರು ಒಳಗೆ ಉಳಿಯದಂತೆ ತೆಗೆದು, ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆದು, ಆಳವಾದ ಗಾಯವಾದರೆ ಅದೇ ದಿನ ವೈದ್ಯರಿಗೆ ತೋರಿಸಿ. ಹಿಂದಿನ ಧನುರ್ವಾಯು ಚುಚ್ಚುಮದ್ದು ಆಗಿ 5 ವರ್ಷ ಕಳೆದಿದ್ದರೆ ಮಣ್ಣು ಸೇರಿದ ಗಾಯಕ್ಕೆ ಮತ್ತೊಂದು ಬೇಕಾಗುತ್ತದೆ.

ಮಧುಮೇಹ ಇರುವವರಿಗೆ ಮಾತ್ರ ನಾನು ಕೈ ಮುಗಿದು ಕೇಳಿಕೊಳ್ಳುವುದೇನೆಂದರೆ, ಬರಿಗಾಲಿನ ಹರಕೆಯನ್ನು ಹೊರಬೇಡಿ, ಹೊತ್ತಿದ್ದರೆ ಹಿರಿಯರನ್ನು ಕೇಳಿ ಬೇರೆ ಸೇವೆಗೆ ಬದಲಿಸಿಕೊಳ್ಳಿ. ಸಕ್ಕರೆ ಕಾಯಿಲೆ ವರ್ಷಗಟ್ಟಲೆ ಇದ್ದಾಗ ಪಾದದ ಸ್ಪರ್ಶಜ್ಞಾನ ಕುಗ್ಗುತ್ತದೆ, ನೋವು ಎಂಬ ಎಚ್ಚರಿಕೆಯೇ ಬಾರದೆ ಗಾಯ ಹುಣ್ಣಾಗುತ್ತದೆ. ನಮ್ಮ ತಂಡದಲ್ಲಿ ಒಬ್ಬರು ಬೂಟಿನೊಳಗೆ ಸೇರಿದ್ದ ಗುಂಡುಪಿನ್ನಿನ ಮೇಲೆ ಅರ್ಧ ದಿನ ನಡೆದಿದ್ದರು. ಸಂಜೆ ಕಾಲುಚೀಲದಲ್ಲಿ ರಕ್ತ ಕಂಡ ಮೇಲೆಯೇ ಅವರಿಗೆ ತಿಳಿದದ್ದು. ಅಂಥವರು ವೈದ್ಯರ ಒಪ್ಪಿಗೆ ಪಡೆದೇ ಹೊರಡಬೇಕು, ದಿನಕ್ಕೆ ಮೂರು ಸಲ ಸಣ್ಣ ಕನ್ನಡಿ ಹಿಡಿದು ಅಂಗಾಲನ್ನು ನೋಡಿಕೊಳ್ಳಬೇಕು, ಬಿಸಿನೀರಿನಲ್ಲಿ ಕಾಲಿಡಬಾರದು, ಬೊಬ್ಬೆಯನ್ನು ತಾವೇ ಚುಚ್ಚಬಾರದು.

ಬೊಬ್ಬೆ ಎದ್ದ ಮೇಲೆ

ಸಣ್ಣದಾಗಿ, ನೋವಿಲ್ಲದೆ ಇದ್ದರೆ ಅದನ್ನು ಹಾಗೆಯೇ ಬಿಟ್ಟು, ಮೇಲೆ ಗಾಜ್ (ಗಾಯಕ್ಕೆ ಹಾಕುವ ತೆಳು ಬಟ್ಟೆ) ಇಟ್ಟು ಟೇಪು ಹಾಕಿ. ಹೆಜ್ಜೆಯೂರಿದಾಗ ನೋಯುವ, ತಾನಾಗಿಯೇ ಒಡೆಯಲಿರುವ ದೊಡ್ಡ ಬೊಬ್ಬೆಯ ನೀರನ್ನು ತೆಗೆಯುವುದೇ ಮೇಲು. ಕೈಗಳನ್ನು ಸೋಪಿನಿಂದ ತೊಳೆದು, ಬೊಬ್ಬೆಯನ್ನೂ ಸುತ್ತಲಿನ ಚರ್ಮವನ್ನೂ ಪೊವಿಡೋನ್ ಅಯೋಡಿನ್ ದ್ರಾವಣದಿಂದ ಒರೆಸಿ, ಪೊಟ್ಟಣ ಒಡೆಯದ ಹೊಸ ಇಂಜೆಕ್ಷನ್ ಸೂಜಿಯಿಂದ ಬೊಬ್ಬೆಯ ಬುಡದ ಅಂಚಿನಲ್ಲಿ ಎರಡು ಮೂರು ಕಡೆ ಚುಚ್ಚಿ, ಶುದ್ಧವಾದ ಗಾಜ್ ಬಟ್ಟೆಯಿಂದ ಮೆಲ್ಲನೆ ಒತ್ತಿ ನೀರನ್ನು ಹೊರಡಿಸಬೇಕು. ಮೇಲಿನ ಚರ್ಮವನ್ನು ಕತ್ತರಿಸಬೇಡಿ, ಸುಲಿಯಬೇಡಿ. ಕೆಳಗಿನ ಎಳೆಯ ಚರ್ಮಕ್ಕೆ ಅದಕ್ಕಿಂತ ಉತ್ತಮ ಹೊದಿಕೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಆಮೇಲೆ ಅಯೋಡಿನ್ ಮುಲಾಮು, ಅದರ ಮೇಲೆ ಗಾಯಕ್ಕೆ ಅಂಟದ ಪ್ಯಾರಾಫಿನ್ ಗಾಜ್, ಅದರ ಮೇಲೆ ಒಣ ಗಾಜ್, ಕೊನೆಗೆ ಟೇಪು. ಬೆಳಿಗ್ಗೆ ಮತ್ತೆ ನೀರು ತುಂಬಿದ್ದರೆ ಇದನ್ನೇ ಪುನಃ ಮಾಡಬೇಕು. ರಕ್ತ ತುಂಬಿದ ಬೊಬ್ಬೆಯನ್ನು ಚುಚ್ಚದೆ ಸುತ್ತಲೂ ಮೆತ್ತೆಯಿಟ್ಟು ಕಾಪಾಡಿ.

ಸೂಜಿಯಲ್ಲಿ ದಾರ ಪೋಣಿಸಿ ಬೊಬ್ಬೆಯ ಮೂಲಕ ಹಾಯಿಸಿ ದಾರವನ್ನು ಅಲ್ಲಿಯೇ ಬಿಡುವ ಪದ್ಧತಿಯನ್ನು ದಯವಿಟ್ಟು ಕೈಬಿಡಿ. ನೀರು ಇಳಿಯುತ್ತದೆ ನಿಜ, ಆದರೆ ಅದೇ ದಾರದ ಗುಂಟ ರಸ್ತೆಯ ಕೊಳೆಯೂ ಒಳಗೆ ಹೋಗುತ್ತದೆ. ನೋವಿನ ಸ್ಪ್ರೇ, ಬಾಮುಗಳನ್ನು ಒಡೆದ ಚರ್ಮದ ಮೇಲೆ ಹಾಕಬೇಡಿ. ಬೊಬ್ಬೆಯ ಸುತ್ತ ಕೆಂಪು ಹರಡುತ್ತಿದ್ದರೆ, ಮುಟ್ಟಿದರೆ ಬಿಸಿಯಾಗಿದ್ದರೆ, ಕೀವು ಕಂಡರೆ, ಕೆಂಪು ಗೆರೆ ಕಾಲಿನ ಮೇಲಕ್ಕೆ ಏರುತ್ತಿದ್ದರೆ ಅಥವಾ ಜ್ವರ ಬಂದರೆ ನಡಿಗೆಯನ್ನು ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಹಾಗೆಯೇ ಮುಂಗಾಲಿನ ಒಂದೇ ಬಿಂದುವಿನಲ್ಲಿ, ಬೆರಳಿಟ್ಟು ತೋರಿಸುವಂತೆ ಮೂಳೆ ನೋಯುತ್ತಿದ್ದು, ರಾತ್ರಿಯ ವಿಶ್ರಾಂತಿಯ ನಂತರವೂ ಕಡಿಮೆಯಾಗದಿದ್ದರೆ ಅದು ಮೂಳೆಯ ಬಿರುಕಾಗಿರುವ ಸಾಧ್ಯತೆ ಇದೆ. ನೋವಿನ ಮಾತ್ರೆ ನುಂಗಿ ಅದರ ಮೇಲೆ ನಡೆಯುವುದು ಅಪಾಯ. ಬೆವರಿ ನೀರಿನಂಶ ಕಳೆದುಕೊಂಡ ದೇಹಕ್ಕೆ ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ಮಾತ್ರೆಗಳು ಮೂತ್ರಪಿಂಡದ ತೊಂದರೆಯನ್ನೂ ತಂದಾವು. ದಾರಿಯ ಶಿಬಿರಗಳಲ್ಲಿ ಪ್ರೀತಿಯಿಂದ ಕೊಟ್ಟರೂ, ಅದು ಯಾವ ಮಾತ್ರೆ ಎಂದು ಕೇಳಿಯೇ ತೆಗೆದುಕೊಳ್ಳಿ.

ರಾತ್ರಿಯ ಉಪ್ಪುನೀರು ಹತ್ತು ನಿಮಿಷ ಹಿತ. ಅರ್ಧ ಗಂಟೆ ಅದರಲ್ಲಿಯೇ ಕುಳಿತರೆ ಚರ್ಮ ಮೆತ್ತಗಾಗಿ ಮರುದಿನ ಬೇಗ ಸೀಳುತ್ತದೆ, ಬೊಬ್ಬೆ ಒಡೆದವರಿಗಂತೂ ಅದು ಬೇಡವೇ ಬೇಡ. ತೊಳೆದು, ಬೆರಳ ಸಂದಿಗಳನ್ನೂ ಒರೆಸಿ, ಹದಿನೈದು ನಿಮಿಷ ಕಾಲನ್ನು ಚೀಲದ ಮೇಲೆ ಎತ್ತರಕ್ಕೆ ಇಟ್ಟು ಮಲಗಿದರೆ ಊತ ಇಳಿಯುತ್ತದೆ.

ಘಾಟಿಯ ಇಳಿತ ಮತ್ತು ಆಮೇಲೆ

ಕೊಟ್ಟಿಗೆಹಾರದವರೆಗೆ ಹಿಮ್ಮಡಿ ಮತ್ತು ಅಂಗಾಲುಗಳ ಕಷ್ಟವಾದರೆ, ಅಲ್ಲಿಂದ ಚಾರ್ಮಾಡಿಗೆ 20 ಕಿಲೋಮೀಟರಿಗೂ ಹೆಚ್ಚಿನ ಇಳಿಜಾರಿನಲ್ಲಿ ಬೆರಳುಗಳ ಸರದಿ. ಪ್ರತಿ ಹೆಜ್ಜೆಯಲ್ಲೂ ಪಾದ ಮುಂದಕ್ಕೆ ಜಾರಿ ಉಗುರು ಬೂಟಿನ ಮೂತಿಗೆ ಬಡಿಯುತ್ತದೆ, ಸಂಜೆಗೆ ಹೆಬ್ಬೆರಳಿನ ಉಗುರು ಕಪ್ಪಾಗಿರುತ್ತದೆ. ಇಳಿಯಲು ಆರಂಭಿಸುವ ಮೊದಲು ಕುಳಿತು, ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ ಲೇಸನ್ನು ಮತ್ತೆ ಕಟ್ಟಿ: ಎರಡೂ ಬದಿಯ ಕೊನೆಯ ರಂಧ್ರಗಳಲ್ಲಿ ಲೇಸನ್ನು ಅದೇ ಬದಿಯಿಂದ ಒಳಕ್ಕೆ ತಂದು ಸಣ್ಣ ಕುಣಿಕೆ ಬಿಟ್ಟು, ಎಡದ ತುದಿಯನ್ನು ಬಲದ ಕುಣಿಕೆಯಲ್ಲಿಯೂ ಬಲದ ತುದಿಯನ್ನು ಎಡದ ಕುಣಿಕೆಯಲ್ಲಿಯೂ ತೂರಿಸಿ ಎಳೆದು ಗಂಟು ಹಾಕಿದರೆ ಕಣಕಾಲು ಬಿಗಿಯಾಗಿ ಪಾದ ಮುಂದೆ ಜಾರುವುದಿಲ್ಲ. ಹೆಜ್ಜೆಗಳು ಚಿಕ್ಕವಾಗಿರಲಿ, ಮೊಣಕಾಲು ಸ್ವಲ್ಪ ಬಾಗಿರಲಿ, ಒಂದು ಕೋಲಿದ್ದರೆ ಇನ್ನೂ ಒಳ್ಳೆಯದು. ಅಣ್ಣಪ್ಪ ಸ್ವಾಮಿಯ ಗುಡಿಯ ಬಳಿ ಎಲ್ಲರೂ ನಿಲ್ಲುತ್ತಾರೆ. ಕೈ ಮುಗಿದ ಮೇಲೆ ಅಲ್ಲಿಯೇ ಕಾಲುಚೀಲ ಬದಲಿಸಿ. ಮಲೆನಾಡಿನ ತಂಪು ಮುಗಿದು ಕರಾವಳಿಯ ಸೆಕೆ ಆರಂಭವಾಗುವುದು ಈ ಇಳಿತದಲ್ಲಿಯೇ, ಪಾದ ಹಿಂದಿನ ದಿನಗಳಿಗಿಂತ ಹೆಚ್ಚು ಬೆವರುತ್ತದೆ.

ನೇತ್ರಾವತಿಯಲ್ಲಿ ಮಿಂದ ಮೇಲೆ, ಒಡೆದ ಬೊಬ್ಬೆಗಳಿದ್ದವರು ಕೊಠಡಿಗೆ ಬಂದು ಪಾದಗಳನ್ನು ಶುದ್ಧ ನೀರು ಮತ್ತು ಸೋಪಿನಿಂದ ಮತ್ತೊಮ್ಮೆ ತೊಳೆದು ಹೊಸ ಪಟ್ಟಿ ಕಟ್ಟಿಕೊಳ್ಳಬೇಕು. ಲಕ್ಷಾಂತರ ಜನ ಇಳಿದ ನೀರು ಅದು. ದೇವರ ದರ್ಶನಕ್ಕೆ ಶಿವರಾತ್ರಿಯಂದು ಬರಿಗಾಲಿನಲ್ಲಿ ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲಬೇಕಾಗುವುದನ್ನು ಹಲವರು ಮರೆತಿರುತ್ತಾರೆ. ಅಂಗಾಲಿನ ಪಟ್ಟಿಯ ಮೇಲೆ ಟೇಪನ್ನು ಎರಡು ಸುತ್ತು ಹೆಚ್ಚಿಗೆ ಹಾಕಿಕೊಂಡು ಹೊರಡಿ.

ಊರಿಗೆ ಮರಳಿದ ಮೇಲೆ ಅಂಗಾಲಿನ ಸತ್ತ ಚರ್ಮ ಒಂದೆರಡು ವಾರ ತಾನಾಗಿ ಉದುರುತ್ತದೆ, ಕಿತ್ತು ತೆಗೆಯಬಾರದು. ಕಪ್ಪಾದ ಉಗುರು ಬಿದ್ದು ಹೊಸದು ಪೂರ್ತಿ ಬೆಳೆಯಲು ಒಂದು ವರ್ಷವೇ ಹಿಡಿದೀತು, ಅದಕ್ಕೆ ಗಾಬರಿ ಬೇಡ. ಆದರೆ ವಾರ ಕಳೆದರೂ ಒಂದು ಬೊಬ್ಬೆಯ ಜಾಗ ಒಣಗದೆ ಹಸಿಯಾಗಿಯೇ ಇದ್ದರೆ, ಅಥವಾ ಬೆರಳುಗಳ ಜೋಮು ಬಿಡದಿದ್ದರೆ, ಪಾದವನ್ನು ವೈದ್ಯರಿಗೆ ತೋರಿಸಿ. ಅಲ್ಲಿಯವರೆಗೆ ಮನೆಯೊಳಗೂ ಚಪ್ಪಲಿ ಮೆಟ್ಟಿಕೊಂಡೇ ಓಡಾಡಿ.